ನಾಲ್ಕು ಗೋಡೆಯ ನ್ಯಾಯ

ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪನ್ನು ಸಮತೂಕದ್ದೆಂದು ಹೊಗಳುವವರು ಬಹಳ. ಆ ಹೊಗಳಿಕೆ ಅತಿಯಾಯಿತು. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕಲಮಿನಡಿ ಜಾತಿನಿಂದನೆ ಅಪರಾಧವಾಗಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಮನೆಯ ನಾಲ್ಕು ಗೋಡೆಯೊಳಗೆ ಬೈದದ್ದು ಆ ಕಲಮಿಗೆ ಬರುವುದಿಲ್ಲ; ನೆಂಟರು, ಸ್ನೇಹಿತರಷ್ಟೇ ಕೇಳಿಸಿಕೊಂಡಿದ್ದರೆ ಅದು ಲೆಕ್ಕಕ್ಕಿಲ್ಲ ಎಂದಿತು ಪೀಠ.

ಯಾರ ಮನೆಯ ಗೋಡೆ? ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಆಂಡರ್ಸನ್‌ಪೇಟೆ ಸುತ್ತಲಿನ ಗಣಿ ಲೈನುಗಳನ್ನು, ಅಂದರೆ ಕಾರ್ಮಿಕರ ಮನೆಸಾಲುಗಳನ್ನು, ನೋಡಿ. ಕಾರ್ಮಿಕರಿಗೆ ಮೊದಲು ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲುಗಳ ಸಾಲು. ಒಬ್ಬರು ಕೆಮ್ಮಿದರೆ ಪಕ್ಕದವರ ನಿದ್ದೆ ಹಾಳು. ಅಲ್ಲಿದ್ದವರು ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಸೀಮೆಯಿಂದ ಬಂದ ದಲಿತರು. ಅಂಥ ಕಡೆ ಒಳಗೆ ಬಂದು ಬೈದರೂ ಇಡೀ ಲೈನಿಗೆ ಕೇಳಿಸುತ್ತದೆ. ಕೇಳಿಸಿಕೊಂಡವರೋ, ನೆಂಟರು, ಜೊತೆ ಕೆಲಸದವರು. ಸಾಕ್ಷಿ ಹೇಳಬಲ್ಲವರೆಲ್ಲ ಈ ತರ್ಕದಲ್ಲಿ ಸಾರ್ವಜನಿಕರೇ ಅಲ್ಲ!

ತೀರ್ಪು ವಿನಾಯಿತಿ ಕೊಟ್ಟಿಲ್ಲವೆಂದಲ್ಲ. 2008ರ ಸ್ವರಣ್ ಸಿಂಗ್ ತೀರ್ಪಿನ ಉದಾಹರಣೆಯನ್ನು ಅದು ಒಪ್ಪಿಕೊಳ್ಳುತ್ತದೆ: ಮನೆಯ ಹೊರಗಿನ ಹುಲ್ಲುಹಾಸು ಕಾಂಪೌಂಡ್ ಆಚೆಯ ರಸ್ತೆಯಿಂದ ಕಂಡರೆ ಅದು ಜನರ ಕಣ್ಣಿಗೆ ಬೀಳುವ ಜಾಗವೇ. ಹುಲ್ಲುಹಾಸು, ಕಾಂಪೌಂಡ್! ಕೆಜಿಎಫ್‌ನಲ್ಲಿ ಅವು ಇದ್ದದ್ದು ಗಣಿ ಅಧಿಕಾರಿಗಳ ಬಂಗಲೆಗಳಿಗೆ. ಅದೂ ಅಲ್ಲದೆ, ಈ ಉದಾಹರಣೆ ಕಣ್ಣಿನದು. ಬೈಗುಳ ತಲುಪುವುದು ಕಿವಿಗೆ.

2022ರಲ್ಲಿ ನಮ್ಮ ಹೈಕೋರ್ಟ್ ಇದೇ ದಾರಿ ಹಿಡಿಯಿತು. ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಬೈದ ಆರೋಪ, ಇದ್ದವರು ಜೊತೆಗಾರರು, ಪ್ರಕರಣ ರದ್ದು. 2001ರಲ್ಲಿ ಬಾಗಿಲು ಹಾಕಿದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಮೇಸ್ತ್ರಿ ಜಾತಿ ಹಿಡಿದು ಬೈದಿದ್ದರೆ ಸಾರ್ವಜನಿಕರನ್ನು ಎಲ್ಲಿಂದ ತರುವುದು?

ಕಾಯ್ದೆ ದುರುಪಯೋಗವಾಗುತ್ತಿದೆ ಎನ್ನುವ ಕಾನೂನು ಅಂಕಣಕಾರರಿಗೆ ಹಿತೇಶ್ ವರ್ಮಾ ತೀರ್ಪಿನ ಇನ್ನೊಂದು ಮಾತು ಪ್ರಿಯ: ಇದು ಆಸ್ತಿ ಜಗಳ, ಜಾತಿ ಕಾರಣವಲ್ಲ. ಜಮೀನಿನ ಜಗಳದಲ್ಲಲ್ಲದೆ ಜಾತಿ ಇನ್ನೆಲ್ಲಿ ಬಾಯಿಗೆ ಬರುತ್ತದೆ, ಸ್ವಾಮಿ? ಪ್ರಗತಿಪರ ವಿಮರ್ಶಕರೂ ಕಡಿಮೆಯಿಲ್ಲ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ದ್ವೇಷ ಭಾಷಣ ಮಸೂದೆಯನ್ನು ಅಂಗೀಕರಿಸಿದಾಗ ಅವರು ವಾದಿಸಿದ್ದೆಲ್ಲ ವೇದಿಕೆಯ ಮೈಕಿನ ಬಗ್ಗೆ. ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಎಂಬ ಷರತ್ತು ಆ ಮಸೂದೆಯಲ್ಲೂ ಇದೆ. ಅದರ ಗೊಡವೆ ಅವರಿಗಿಲ್ಲ.

ಯಾರು, ಎಲ್ಲಿ, ಯಾರೆದುರು ಬೈದರು ಎಂದು ನೋಡದೆ ಮಾತಿನ ವಿಷ ಅಳೆಯಲಾಗದು ನಿಜ. ಆದರೆ ಹಿತೇಶ್ ವರ್ಮಾ ತೀರ್ಪು ನೋಡಿದ್ದು ಗೋಡೆಯನ್ನು, ಓಣಿಯನ್ನಲ್ಲ. ಮಸೂದೆಗೆ ನಿಯಮ ಬರೆಯುವ ಕಾಲ ಬಂದರೆ ಪಕ್ಕದ ಮನೆಯವರನ್ನೂ ಜೊತೆ ಕೆಲಸದವರನ್ನೂ ಸಾರ್ವಜನಿಕರೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಿ.