ಸಾವಿರ ಪ್ರತಿಗಳ ಸಾಕ್ಷ್ಯ

ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿ ಕಾವ್ಯಗುಣಕ್ಕೆ ಪ್ರಮಾಣವಾಗಬಲ್ಲುದೇ? ಪ್ರಶ್ನೆ ಹೊಸದೆಂದು ತೋರಿದರೂ ಹಳಗನ್ನಡದಲ್ಲಿ ಇದಕ್ಕೊಂದು ನಿದರ್ಶನವಿದೆ. 10ನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಎಣಿಕೆಯೇ ಅಳತೆಗೋಲಾದರೆ ಆ ಕಾಲದ ಅಗ್ರಕೃತಿ ಅದೇ. ಬಿರುದಿನ ಬೆಂಬಲವೂ ಉಂಟು: ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಪೊನ್ನನು ‘ಉಭಯಕವಿಚಕ್ರವರ್ತಿ’ ಎನಿಸಿಕೊಂಡನು. ಆದರೂ ವಿಮರ್ಶೆ ಅವನ ಪಾಂಡಿತ್ಯವನ್ನು ಒಪ್ಪಿ, ಕಾಳಿದಾಸನಿಂದ ಪಡೆದ ಸಾಲವನ್ನು ಎತ್ತಿ ತೋರಿಸಿ, ಪಂಪ ರನ್ನರ ಬಳಿಕವೇ ಅವನಿಗೆ ಸ್ಥಾನ ಕೊಟ್ಟಿದೆ.

ಎಣಿಕೆ ಇಲ್ಲಿ ಸುಳ್ಳಾಡಿಲ್ಲ. ಅದಕ್ಕೆ ತಿಳಿಯದ ಸಂಗತಿಯನ್ನು ನಾವು ಅದರಿಂದ ಕೇಳುತ್ತಿದ್ದೇವೆ. ಆ ಕಾವ್ಯವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ. ಪ್ರತಿಗಳನ್ನು ಹಂಚಿದುದು ಶಾಸ್ತ್ರದಾನ. ಸಾವಿರವೆಂಬ ಸಂಖ್ಯೆ ದಾನಿಯ ಶ್ರದ್ಧೆಯನ್ನು ಹೇಳುತ್ತದೆ. ಸಹೃದಯನ ರಸಾನುಭವದ ವಿಷಯದಲ್ಲಿ ಅದು ಮೌನಿ.

ಹಾಗೆಂದು ಪ್ರಸಾರವನ್ನು ತಳ್ಳಿಹಾಕುವುದೂ ಅವಿವೇಕ. ಪೊನ್ನನದೇ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಇತರರು ಉದ್ಧರಿಸಿದ ಪದ್ಯಗಳಲ್ಲಷ್ಟೇ ಉಳಿದಿದೆ. ಅವುಗಳ ಯೋಗ್ಯತೆಯನ್ನು ಇಂದು ಯಾವ ವಿಮರ್ಶಕನೂ ಪೂರ್ಣವಾಗಿ ನಿರ್ಣಯಿಸಲಾರನು. ಪ್ರಸಾರವು ಕೃತಿಗೆ ಬೆಲೆ ಕಟ್ಟಲಾರದು. ಬೆಲೆ ಕಟ್ಟುವವರ ಮುಂದೆ ಯಾವ ಕೃತಿ ಉಳಿದು ಬರುವುದೆಂಬುದನ್ನು ಮಾತ್ರ ಬಹುಮಟ್ಟಿಗೆ ಗೊತ್ತುಪಡಿಸುತ್ತದೆ. ‘ರತ್ನತ್ರಯ’ವೆಂದು ನಾವು ಗೌರವದಿಂದ ಎಣಿಸುವ ಪಟ್ಟಿಯೂ ಉಳಿದು ಬಂದುವುಗಳ ನಡುವಿನ ತಾರತಮ್ಯವೇ ಸರಿ.