ಎರಡೂ ಹಾಕಿದರೆ ಸಾಲದು, ಲೆಕ್ಕ ಬೇಕು

ಚಚಡಿ, ಇಂಚಲ, ಮುರಗೋಡದ ಎರೆ ಹೊಲಗಳಲ್ಲಿ ಹಿಂಗಾರಿ ಗೋಧಿ ಬಿತ್ತುವವರನ್ನು ಗೊಬ್ಬರದ ಬಗ್ಗೆ ಕೇಳಿದರೆ, ‘ಎರಡೂ ಹಾಕ್ತೀವ್ರಿ’ ಎನ್ನುತ್ತಾರೆ. ಎರಡೆಂದರೆ ತಿಪ್ಪೆಗೊಬ್ಬರ ಮತ್ತು ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ. ಬೈಲಹೊಂಗಲ ದಾಟಿ ಕಿತ್ತೂರಿನ ಕಡೆ ಹೋದರೆ ಮಳೆ ಹೆಚ್ಚುತ್ತದೆ, ಕೂರಿಗೆ ಭತ್ತ ಕಾಣಸಿಗುತ್ತದೆ, ಮಾತು ಮಾತ್ರ ಅದೇ. ಕೃಷಿ ಇಲಾಖೆಯವರು ‘ಸಮಗ್ರ ಪೋಷಕಾಂಶ ನಿರ್ವಹಣೆ’ ಎಂದು ಹೇಳಿಕೊಡುವ ಪದ್ಧತಿ ಇಲ್ಲಿ ನೆಲೆಯೂರಿದೆ ಎಂದು ಹೊರಗಿನವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ತತ್ವ ಸರಿಯಾಗಿದೆ. ಆದರೆ ನಮ್ಮ ಹೊಲಗಳಲ್ಲಿ ನಡೆಯುತ್ತಿರುವುದು ಎರಡನ್ನೂ ಕೂಡಿಸುವ ಕೆಲಸವಲ್ಲ, ಒಂದರ ಮೇಲೊಂದು ಸುರಿಯುವ ಕೆಲಸ.

ತತ್ವಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಿಂದ ಅಲ್ಲಿ ಗೋಧಿಯ ಮೇಲೆ ಗೊಬ್ಬರದ ಪ್ರಯೋಗ ನಡೆಯುತ್ತಲೇ ಬಂದಿದೆ. ವರ್ಷವರ್ಷವೂ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಉಂಡ ಪಟ್ಟಿಯಲ್ಲಿ ಮಣ್ಣಿನ ಸಾವಯವ ಇಂಗಾಲ ಎರಡು ಪಟ್ಟು ಮೀರಿತು. ಆದರೂ ಹೊಸ ತಳಿಗಳು ಬಂದ ಮೇಲೆ ಹೆಚ್ಚಿನ ಇಳುವರಿ ಕೊಟ್ಟದ್ದು ಕೊಟ್ಟಿಗೆ ಗೊಬ್ಬರದ ಮೇಲೆ ಅಳತೆಯ ಸಾರಜನಕವನ್ನೂ ಪಡೆದ ಪಟ್ಟಿಗಳು. ರಾಸಾಯನಿಕವನ್ನು ಪೂರ್ತಿ ಬಿಡಿ ಎನ್ನುವವರು ಶ್ರೀಲಂಕಾವನ್ನೂ ನೆನೆಯಬೇಕು. 2021ರಲ್ಲಿ ಅಲ್ಲಿನ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಅದೇ ವರ್ಷದ ನವೆಂಬರ್ ಹೊತ್ತಿಗೆ ಆ ಆದೇಶದಿಂದ ಹಿಂದೆ ಸರಿಯಬೇಕಾಯಿತು, ಆದರೂ ಮುಂದಿನ ಸುಗ್ಗಿಯಲ್ಲಿ ಭತ್ತದ ಬೆಳೆ ಕುಸಿಯಿತು.

ನಮ್ಮ ಹೊಲದ ಲೆಕ್ಕವನ್ನೇ ನೋಡಿ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ತಿಪ್ಪೆಗೊಬ್ಬರದಲ್ಲಿರುವುದು ನೂರಕ್ಕೆ ಅರ್ಧದಷ್ಟು. ಅಂದರೆ ಒಂದು ಚೀಲಕ್ಕೆ ಸಮ ಮಾಡಲು ನಾಲ್ಕು ಟನ್ ಗೊಬ್ಬರ ಹೇರಬೇಕು. ಅದರಲ್ಲೂ ಮೊದಲ ವರ್ಷ ಬೆಳೆಗೆ ದಕ್ಕುವುದು ಮೂರನೆಯ ಒಂದು ಪಾಲು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಊರುಗಳಲ್ಲಿ ಅಷ್ಟು ಸಗಣಿ ಎಲ್ಲಿಂದ ತರುವುದು? ಇದ್ದಷ್ಟೂ ಮೊದಲು ಕಬ್ಬಿಗೆ ಹೋಗುತ್ತದೆ. ಗೋಧಿ ಹೊಲದ ಸರದಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದರೆ ಪುಣ್ಯ.

ಆ ಸರದಿ ಬಂದಾಗ ಹೊಲಕ್ಕೆ ಹೋಗುವ ಗೊಬ್ಬರ ಎಂಥದು? ನನ್ನ ತಕರಾರಿನ ಮುಖ್ಯ ಭಾಗ ಇದು. ಊರ ಹೊರಗೆ ದಾರಿಬದಿಯಲ್ಲಿ ತಿಪ್ಪೆಗಳು ಸಾಲಾಗಿ ಬಿದ್ದಿರುತ್ತವೆ. ಸಗಣಿ, ಬೂದಿ, ಕಸ, ದನ ತಿಂದು ಬಿಟ್ಟ ಕಣಿಕೆ, ಈಚೆಗೆ ಗುಟ್ಕಾ ಚೀಟು, ಪ್ಲಾಸ್ಟಿಕ್ ಚೀಲ ಎಲ್ಲವೂ ಅದರಲ್ಲೇ. ಮೇಲೆ ಮಣ್ಣಿನ ಹೊದಿಕೆಯಿಲ್ಲ, ಬೇಸಿಗೆಯಲ್ಲಿ ನೀರಿಲ್ಲ. ಮಳೆಗಾಲದಲ್ಲಿ ಕಂದು ನೀರು ಗಟಾರಕ್ಕೆ ಹರಿಯುತ್ತದೆ. ಗೊಬ್ಬರದ ಸತ್ವ ಹರಿದು ಹೋಗುವುದೇ ಆ ನೀರಿನಲ್ಲಿ. ಬೇಸಿಗೆಯಲ್ಲಿ ಹೇರಿ ತಂದು ಹೊಲದಲ್ಲಿ ಗುಂಪುಗುಂಪಾಗಿ ಸುರಿದು ವಾರಗಟ್ಟಲೆ ಬಿಟ್ಟರೆ ಉಳಿದ ಸಾರಜನಕವೂ ಬಿಸಿಲಿಗೆ ಹಾರುತ್ತದೆ. ಒಳಗಿನ ಕಣಿಕೆ ಅರ್ಧ ಮಾತ್ರ ಕೊಳೆತಿರುತ್ತದೆ. ಅದನ್ನು ಪೂರ್ತಿ ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತೆಗೆದುಕೊಳ್ಳುತ್ತವೆ. ಗೋಧಿ ಹಳದಿಯಾಗುತ್ತದೆ. ರೈತ ಇನ್ನೊಂದು ಚೀಲ ಯೂರಿಯಾ ತರುತ್ತಾನೆ. ಗೊಬ್ಬರ ಹಾಕಿಯೂ ಯೂರಿಯಾ ಹೆಚ್ಚು ಬೇಕಾಯಿತು ಎಂದರೆ ಕೂಡಿಸಿದ್ದರ ಫಲ ಏನು ಬಂತು?

ತಿಪ್ಪೆಯನ್ನು ಸರಿಪಡಿಸುವ ದಾರಿ ಹೊಸದೇನಲ್ಲ. ಕಾಂಪೋಸ್ಟ್ ಮಾಡುವ ಕ್ರಮವನ್ನು ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ರೂಪಿಸಿ 1931ರಲ್ಲೇ ಪುಸ್ತಕ ಮಾಡಿದ. ಅದಕ್ಕೆ ಬೇಕಾದದ್ದು ಪದರ ಪದರವಾಗಿ ಒಟ್ಟುವುದು, ತೇವ ಕಾಯುವುದು, ಆಗಾಗ ತಿರುವಿ ಹಾಕುವುದು ಮಾತ್ರ.

ಯೂರಿಯಾದ ಬಳಕೆಯಲ್ಲೂ ಇದೇ ಅಲಕ್ಷ್ಯ. ಎರೆ ಮಣ್ಣಿಗೆ ಕ್ಷಾರದ ಗುಣವಿದೆ. ಮೇಲೆ ಉಗ್ಗಿ ಬಿಟ್ಟ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನೀರಿದ್ದವರು ಬಿತ್ತಿದ ಮೂರು ವಾರಕ್ಕೆ, ಮುಕುಟ ಬೇರು ಒಡೆಯುವ ಹೊತ್ತಿಗೆ, ನೀರಿನ ಜೊತೆ ಕೊಟ್ಟರೆ ದಕ್ಕುತ್ತದೆ. ಮಳೆಯಾಶ್ರಿತ ಗೋಧಿಗೆ ಬಿತ್ತುವಾಗಲೇ ಕೂರಿಗೆಯಲ್ಲಿ ಹಸಿ ಮಣ್ಣಿಗೆ ಇಳಿಸಬೇಕು. ಹುಗ್ಗಿಗೆಂದು ಬೆಳೆಯುವ ಜವೆ ಗೋಧಿಯಲ್ಲಿ ಉದ್ದ ನಿಲುವಿನ ಹಳೆಯ ತಳಿಗಳು ಸಾರಜನಕ ಹೆಚ್ಚಾದರೆ ಮಲಗಿಬಿಡುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಗಿಡ್ಡ ತಳಿ, ಅದು ತಡೆದುಕೊಳ್ಳುತ್ತದೆ. ತಳಿ ನೋಡದೆ ಚೀಲ ಎಣಿಸುವುದರಲ್ಲಿ ಅರ್ಥವಿಲ್ಲ.

ಕಿತ್ತೂರಿನ ಭತ್ತದ ಕಥೆ ಬೇರೆ. ಅಲ್ಲಿ ಒಣ ನೆಲಕ್ಕೆ ಕೂರಿಗೆ ಹೂಡುತ್ತಾರೆ, ಆಮೇಲೆ ಮಳೆ ಜಡಿದು ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಮೊದಲೇ ಸುರಿದ ಸಾರಜನಕ ನೀರು ನಿಂತಾಗ ಅನಿಲವಾಗಿ ಹಾಳಾಗುತ್ತದೆ. ಪಂಜಾಬಿನ ನಾಟಿ ಭತ್ತ, ಅದರ ಬೆನ್ನಿಗೇ ಗೋಧಿ ಎಂಬ ಪದ್ಧತಿಗೆ ಬರೆದ ಸಲಹೆಯನ್ನು ಇಲ್ಲಿಗೆ ತಂದರೆ ಹೊಂದುವುದಿಲ್ಲ. ಬದುವಿನ ಗ್ಲಿರಿಸಿಡಿಯಾ ಸೊಪ್ಪು, ಕಂತುಗಳಲ್ಲಿ ಯೂರಿಯಾ ಈ ಗದ್ದೆಗಳಿಗೆ ಸರಿ.

ಶಿಫಾರಸು ಬರೆಯುವವರ ಪಾಲೂ ಇದರಲ್ಲಿದೆ. ಎಕರೆಗೆ ಸುಮಾರು ಮೂರು ಟನ್ ಕೊಟ್ಟಿಗೆ ಗೊಬ್ಬರ, ಕೆಳಗೆ ಇಷ್ಟು ಸಾರಜನಕ, ಇಷ್ಟು ರಂಜಕ, ಇಷ್ಟು ಪೊಟ್ಯಾಷ್ ಎಂದು ಪಟ್ಟಿ ಕೊಡುತ್ತಾರೆ. ಗೊಬ್ಬರ ಚೆನ್ನಾಗಿ ಬಿದ್ದ ವರ್ಷ ಚೀಲ ಎಷ್ಟು ಇಳಿಸಬೇಕು ಎಂಬುದನ್ನು ರೈತನಿಗೆ ತಿಳಿಯುವ ಹಾಗೆ ಹೇಳುವುದಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ, ಸತು ಸೇರಿ 12 ಅಂಶಗಳಿವೆ. ಅದನ್ನು ಓದಿ ಚೀಲ ಕಡಿಮೆ ಮಾಡಿದವರು ಕಣ್ಣಿಗೆ ಬೀಳುವುದು ಅಪರೂಪ. ಯೂರಿಯಾ ಚೀಲಕ್ಕೆ 266 ರೂಪಾಯಿ ಇರುವಾಗ ಕಡಿಮೆ ಮಾಡುವ ಒತ್ತಡವೂ ಇಲ್ಲ. ಅದೇ ಒಂದು ಟ್ರಾಲಿ ತಿಪ್ಪೆಗೊಬ್ಬರ ಹೇರಿ ಹರವಲು ಆಳು, ಬಾಡಿಗೆ ಸೇರಿ ಅದರ ಹಲವು ಪಟ್ಟು ಬೀಳುತ್ತದೆ.

ಇಷ್ಟೆಲ್ಲದರ ನಡುವೆ ಕುರಿ ತರುಬಿಸುವ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಖಾಲಿ ಹೊಲದಲ್ಲಿ ಕುರುಬರ ಹಿಂಡು ರಾತ್ರಿ ತಂಗುತ್ತದೆ. ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ ಬೀಳುತ್ತವೆ, ಹೇರುವ ಖರ್ಚಿಲ್ಲ. ಬೆಳಗ್ಗೆ ಹಿಂಡು ಎದ್ದ ಕೂಡಲೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿದರೆ ಸತ್ವ ಹೊಲದಲ್ಲೇ ಉಳಿಯುತ್ತದೆ.

ಗೋಧಿ ಬೆಳೆಯುವ ರೈತರಲ್ಲಿ ನನ್ನ ಕೋರಿಕೆ ಇಷ್ಟು. ಈ ಹಿಂಗಾರಿಯಲ್ಲಿ ಎಕರೆಗೆ ಮೂರು ಟನ್ ಚೆನ್ನಾಗಿ ಕಳಿತ ಗೊಬ್ಬರ ಬಿದ್ದ ಹೊಲದಲ್ಲಿ ಒಂದು ಪಟ್ಟಿ ಬೇರೆ ಮಾಡಿ. ಅಲ್ಲಿ ಎಕರೆಗೆ ಕಾಲು ಚೀಲದ ಲೆಕ್ಕದಲ್ಲಿ ಯೂರಿಯಾ ಕಡಿಮೆ ಹಾಕಿ. ರಾಶಿ ಮಾಡುವಾಗ ಆ ಪಟ್ಟಿಯ ಕಾಳನ್ನು ಬೇರೆ ತೂಗಿ, ಬರೆದಿಡಿ.