ಮನೆಯವರದೇ ಸಾಕ್ಷಿ

'ಸಾಕ್ಷಿ' ಎಂಬ ಪದಕ್ಕೆ ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಅರ್ಥ: ಕಂಡದ್ದನ್ನು ಕಂಡಂತೆ ಹೇಳುವವನು. ಆದರೆ ಸಾಕ್ಷಿ ಹೇಳುವವನು ಕಕ್ಷಿದಾರನ ಮನೆಯವನೇ ಆಗಿದ್ದರೆ ಅವನ ಮಾತಿಗೆಷ್ಟು ಬೆಲೆ? ಆಂಧ್ರಪ್ರದೇಶದ ಮಾಜಿ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿಯವರ ಸಾರ್ವಜನಿಕ ಬದುಕನ್ನು ಅವಲೋಕಿಸುವಾಗ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ತಂದೆ ರಾಜಶೇಖರ ರೆಡ್ಡಿಯವರು 2004ರಲ್ಲಿ ಮುಖ್ಯಮಂತ್ರಿಯಾದರು. ಮಗನ ವಿದ್ಯುತ್, ಸಿಮೆಂಟ್ ಉದ್ಯಮಗಳ ಜೊತೆಗೆ 2008ರಲ್ಲಿ 'ಸಾಕ್ಷಿ' ದಿನಪತ್ರಿಕೆಯೂ ಸೇರಿಕೊಂಡಿತು. ಪ್ರಬಲ ಪತ್ರಿಕೆಗಳು ತೆಲುಗುದೇಶಂ ಪರವಾಗಿವೆ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಆ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಆದರೆ ಒಂದು ಪಕ್ಷಪಾತಕ್ಕೆ ಇನ್ನೊಂದು ಪಕ್ಷಪಾತ ಮದ್ದಾದೀತೇ?

2009ರ ಸೆಪ್ಟೆಂಬರ್‌ನಲ್ಲಿ ತಂದೆ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. ಆ ಸ್ಥಾನ ಮಗನಿಗೆ ಸಿಗಲಿಲ್ಲ. ಕಾಂಗ್ರೆಸ್ ತೊರೆದ ಜಗನ್ 2011ರಲ್ಲಿ ತಮ್ಮದೇ ಪಕ್ಷ ಕಟ್ಟಿದರು. ತಂದೆಯ ಸರಕಾರದಿಂದ ಲಾಭ ಪಡೆದವರು ಮಗನ ಕಂಪೆನಿಗಳಲ್ಲಿ ಹಣ ಹೂಡಿದರೆಂಬ ಆರೋಪದ ಮೇಲೆ 2012ರಲ್ಲಿ ಸಿಬಿಐ ಬಂಧಿಸಿತು. ಸುಮಾರು 16 ತಿಂಗಳು ಜೈಲಿನಲ್ಲಿದ್ದರು. ಆರೋಪವನ್ನು ಅವರು ಅಲ್ಲಗಳೆಯುತ್ತಾ ಬಂದಿದ್ದಾರೆ. ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಅಧಿಕಾರ, ಬಂಡವಾಳ, ಸುದ್ದಿ ಈ ಮೂರೂ ಒಂದೇ ಸೂರಿನಡಿ ಕೂಡಿದಾಗ ಸಂಶಯ ಹುಟ್ಟದಿರಲು ಸಾಧ್ಯವೇ?

ಅವರ ಬದುಕಿನ ಉಜ್ವಲ ಭಾಗ ಬೇರೆಯೇ ಇದೆ. 2017ರ ನವೆಂಬರ್‌ನಿಂದ 2019ರ ಜನವರಿಯವರೆಗೆ 341 ದಿನ, 3,648 ಕಿಲೋಮೀಟರ್ ಅವರು ನಡೆದರು. ಹೊಲದ ಬದುವಿನಲ್ಲಿ, ಗುಡಿಸಲ ಮುಂದೆ ನಿಂತು ಜನರ ಮಾತು ಕೇಳಿದರು. ಅಂದು ಅವರಿಗೆ ನಡುವೆ ನಿಂತು ಹೇಳುವ ಸಾಕ್ಷಿ ಬೇಕಿರಲಿಲ್ಲ. ಜನ 175ರಲ್ಲಿ 151 ಸ್ಥಾನ ಕೊಟ್ಟರು. ಮಕ್ಕಳನ್ನು ಶಾಲೆಗೆ ಕಳಿಸುವ ಬಡ ತಾಯಂದಿರ ಖಾತೆಗೆ ಹಣ ಬಂತು, ಸರಕಾರಿ ಶಾಲೆಗಳು ರಿಪೇರಿ ಕಂಡವು. ಇದನ್ನು ಮರೆತರೆ ಅನ್ಯಾಯವಾದೀತು.

ಆದರೆ ಗದ್ದುಗೆ ಏರಿದ ಮೇಲೆ ಕೇಳುವ ಕಿವಿ ಮಂದವಾಯಿತು. 2022ರಲ್ಲಿ ಪತ್ರಿಕೆ ಕೊಳ್ಳಲು ಗ್ರಾಮ ಸ್ವಯಂಸೇವಕರಿಗೆ ತಿಂಗಳಿಗೆ 200 ರೂಪಾಯಿ ಕೊಡುವ ಆದೇಶ ಹೊರಟಿತು. ಅದು 'ಸಾಕ್ಷಿ'ಗೆ ನೆರವಾಗಲೆಂದೇ ಮಾಡಿದ್ದು ಎಂದು 'ಈನಾಡು' ಪತ್ರಿಕೆಯ ಪ್ರಕಾಶಕರು ನ್ಯಾಯಾಲಯಕ್ಕೆ ಹೋದರು. ವಿರೋಧ ಪಕ್ಷದ ಸಭೆಗಳಲ್ಲಿ ಕಾಲ್ತುಳಿತದಿಂದ ಸಾವು ಸಂಭವಿಸಿದ ಬಳಿಕ, 2023ರ ಜನವರಿಯಲ್ಲಿ ರಸ್ತೆಗಳಲ್ಲಿ ಸಭೆ, ಮೆರವಣಿಗೆ ನಿರ್ಬಂಧಿಸುವ ಆದೇಶ ಬಂತು. ರಸ್ತೆಯಲ್ಲೇ ನಡೆದು ಅಧಿಕಾರಕ್ಕೆ ಬಂದವರು ಇತರರಿಗೆ ರಸ್ತೆ ಮುಚ್ಚಿದ್ದರು! ಅದೇ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಕೊನೆಗೆ ಮನೆಯೊಳಗೇ ಎದುರು ಸಾಕ್ಷಿ ಎದ್ದಿತು. ಅಣ್ಣ ಜೈಲಿನಲ್ಲಿದ್ದಾಗ ಅವರ ಪರವಾಗಿ ಪಾದಯಾತ್ರೆ ಮಾಡಿದ್ದ ತಂಗಿ ಶರ್ಮಿಳಾ, 2024ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕಡಪದಲ್ಲಿ ಅಣ್ಣನ ಪಕ್ಷದ ವಿರುದ್ಧವೇ ನಿಂತರು. ಅವರು ಸೋತರು. ಆದರೆ ರಾಜ್ಯದಲ್ಲಿ ಅಣ್ಣನ ಪಕ್ಷ 151ರಿಂದ 11ಕ್ಕೆ ಕುಸಿಯಿತು.

ಆ ಸೋಲಿನಲ್ಲೂ ಶೇ. 39ರಷ್ಟು ಮತ ಅವರಿಗೆ ಬಿದ್ದಿದೆ. ಅಂದರೆ ಜನ ಕೃತಘ್ನರಲ್ಲ. ಎದುರಾಳಿಗಳು ಒಂದಾದದ್ದೂ ಸೋಲಿಗೆ ಕಾರಣ. ಹಾಗಿದ್ದರೂ ಒಂದು ಪಾಠ ಉಳಿಯುತ್ತದೆ. ತಂದೆಯ ಹೆಸರು, ಉದ್ಯಮದ ಹಣ, ಸ್ವಂತ ಪತ್ರಿಕೆ ಇವೆಲ್ಲ ನಾಯಕನನ್ನು ಬೆಳೆಸಬಲ್ಲವು. ಅವನು ತಪ್ಪಿದಾಗ 'ತಪ್ಪಿದೆ' ಎಂದು ಹೇಳಲಾರವು. ಅದನ್ನು ಹೇಳಲು ಹೊರಗಿನವರೇ ಬೇಕು. ಅವರ ಬಾಯಿ ಮುಚ್ಚಿಸಿದರೆ ಸತ್ಯವು ಮತ ಎಣಿಕೆಯ ದಿನವೇ ತಿಳಿಯುತ್ತದೆ. ಆಗ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.